ಫೌ-ಜಿ (ಮೊಬೈಲ್ ಗೇಮ್)

ಫೌ-ಜಿ: ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆ ತಯಾರಿಸಿ 2021ರ ಜನವರಿ 26ರಂದು ಆಂಡ್ರಾಯ್ಡ್ ಫೋನ್‌ಗಳಿಗೆ ಬಿಡುಗಡೆ ಮಾಡಿದ ಯುದ್ಧದ ಆಟ. ಪೂರ್ಣ ಹೆಸರು ಫಿಯರ್‌ಲೆಸ್ ಆ್ಯಂಡ್ ಯುನೈಟೆಡ್ ಗಾರ್ಡ್ಸ್. ಕೈಗೆ ಸಿಗುವ ಮೊದಲೇ ಇಷ್ಟು ಸುದ್ದಿ ಮಾಡಿದ ಭಾರತೀಯ ಗೇಮ್‌ಗಳು ಕಡಿಮೆ. ಕೈಗೆ ಸಿಕ್ಕ ಕೆಲವೇ ದಿನಗಳಲ್ಲಿ ಇಷ್ಟು ಬೈಸಿಕೊಂಡವೂ ಕಡಿಮೆ.

2020ರ ಜೂನ್ 15ರ ರಾತ್ರಿ ಲಡಾಖಿನ ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರೊಂದಿಗೆ ನಡೆದ ಕೈಕೈ ಮಿಲಾಯಿಸಿದ ಕಾಳಗದಲ್ಲಿ ಭಾರತದ 20 ಯೋಧರು ಹುತಾತ್ಮರಾದರು. ಅದರ ಬೆನ್ನಿಗೆ ಕೇಂದ್ರ ಸರ್ಕಾರ ಚೀನಾ ನಂಟಿನ ಆ್ಯಪ್‌ಗಳನ್ನು ಹಂತ ಹಂತವಾಗಿ ನಿಷೇಧಿಸಿತು. ಸೆಪ್ಟೆಂಬರ್ 2ರಂದು ಹೊರಬಿದ್ದ 118 ಆ್ಯಪ್‌ಗಳ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಪಬ್‌ಜಿ ದಕ್ಷಿಣ ಕೊರಿಯಾದವರ ಸೃಷ್ಟಿಯಾದರೂ ಅದರ ಮೊಬೈಲ್ ಆವೃತ್ತಿಯನ್ನು ಇಲ್ಲಿ ನಡೆಸುತ್ತಿದ್ದದ್ದು ಚೀನಾದ ಟೆನ್ಸೆಂಟ್. ಬೆಂಗಳೂರಿನ ಪಿ.ಜಿ.ಗಳಿಂದ ಹಿಡಿದು ಬೆಳಗಾವಿ, ನಿಪ್ಪಾಣಿ, ಗಡಿಯಾಚೆಯ ಉದಗಾಂವ, ಇಚಲಕರಂಜಿಯಂಥ ಊರುಗಳವರೆಗೆ ಹುಡುಗರು ಸ್ಕ್ವಾಡ್ ಕಟ್ಟಿಕೊಂಡು ಆಡುತ್ತಿದ್ದ ಆಟ ಅದು. ಶಾಲೆ ಕಾಲೇಜುಗಳಿಗೆ ಬೀಗ ಬಿದ್ದಿದ್ದ ಕೊರೊನಾ ಕಾಲದಲ್ಲಿ ಅದೇ ಇಲ್ಲದಾಯಿತು.

ಎರಡೇ ದಿನಕ್ಕೆ, ಸೆಪ್ಟೆಂಬರ್ 4ರಂದು, ನಟ ಅಕ್ಷಯ್ ಕುಮಾರ್ ಟ್ವಿಟರ್‌ನಲ್ಲಿ ಫೌ-ಜಿಯನ್ನು ಘೋಷಿಸಿದರು. ನಿವ್ವಳ ಆದಾಯದ ಶೇ 20ರಷ್ಟು ಹುತಾತ್ಮ ಯೋಧರ ಕುಟುಂಬಗಳಿಗೆ ನೆರವಾಗುವ ‘ಭಾರತ್ ಕೆ ವೀರ್’ ನಿಧಿಗೆ ಹೋಗುತ್ತದೆ ಎಂದೂ ತಿಳಿಸಿದರು. ಎನ್‌ಕೋರ್ ಸಂಸ್ಥೆಯ ಹಿಂದಿದ್ದವರು ಇಂಡಿಯಾಗೇಮ್ಸ್ ಕಟ್ಟಿದ ವಿಶಾಲ್ ಗೊಂಡಲ್. ಫೌ-ಜಿಗೆ ಮುಂದೆ ಎದುರಾದ ತೊಂದರೆಗಳ ಮೂಲ ಈ ಘೋಷಣೆಯ ಹೊತ್ತಿನಲ್ಲಿದೆ. ಪಬ್‌ಜಿ ಹೋದ ಜಾಗಕ್ಕೆ ಸ್ವದೇಶಿ ಪಬ್‌ಜಿ ಬರುತ್ತಿದೆ ಎಂದೇ ಜನ ತಿಳಿದರು. ಪೋಸ್ಟರ್‌ನ ಚಿತ್ರ ಎಲ್ಲಿಂದ ಬಂತು ಎಂಬ ತಕರಾರು ಎದ್ದು ತಣ್ಣಗಾಯಿತು. ದಸರಾಕ್ಕೆ ಟೀಸರ್ ಬಂತು, ಬಿಡುಗಡೆ ಮಾತ್ರ ಮುಂದಕ್ಕೆ ಹೋಯಿತು. ನವೆಂಬರ್ 30ರಂದು ಪ್ಲೇ ಸ್ಟೋರ್‌ನಲ್ಲಿ ಮುಂಗಡ ನೋಂದಣಿ ಶುರುವಾದಾಗ ಒಂದೇ ದಿನದಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು.

ಗಣರಾಜ್ಯೋತ್ಸವದ ದಿನ ಸುಮಾರು 460 ಎಂಬಿಯ ಗೇಮ್ ಇಳಿಸಿಕೊಂಡವರಿಗೆ ಸಿಕ್ಕಿದ್ದು ಒಬ್ಬರೇ ಕೂತು ಆಡುವ ಗಾಲ್ವಾನ್ ಕಥೆ. ಅದರಲ್ಲಿ ಬಂದೂಕೇ ಇರಲಿಲ್ಲ. ಪರದೆಯ ಎಡಕ್ಕೆ ಬೆರಳಿಟ್ಟು ಯೋಧನನ್ನು ನಡೆಸಬೇಕು, ಬಲಗಡೆಯ ಬಟನ್ ಒತ್ತಿ ಗುದ್ದಬೇಕು, ಏಟು ಬಂದರೆ ತಡೆಯಬೇಕು, ಬಿದ್ದ ದೊಣ್ಣೆಯನ್ನೋ ಪೈಪನ್ನೋ ಎತ್ತಿಕೊಂಡು ಬಾರಿಸಬೇಕು. ಸುಸ್ತಾದರೆ ಉರಿಯುವ ಬೆಂಕಿಯ ಪಕ್ಕ ನಿಂತರೆ ಶಕ್ತಿ ತುಂಬಿಕೊಳ್ಳುತ್ತದೆ. ಮುಂದೆ ನಡೆದರೆ ಮತ್ತೊಂದು ಗುಂಪು, ಮತ್ತೆ ಅದೇ ಗುದ್ದು. ತಂಡ ಕಟ್ಟಿ ಆಡುವ ವಿಭಾಗಗಳು ಮೆನುವಿನಲ್ಲಿ ಕಾಣುತ್ತಿದ್ದವು, ಒತ್ತಿದರೆ ‘ಶೀಘ್ರದಲ್ಲೇ’ ಎಂಬ ಉತ್ತರ.

ಬಂದೂಕಿಲ್ಲದಿರುವುದಕ್ಕೆ ಗಟ್ಟಿ ಕಾರಣವಿತ್ತು. ವಾಸ್ತವ ನಿಯಂತ್ರಣ ರೇಖೆಯ ಎರಡು ಕಿಲೋಮೀಟರ್ ಒಳಗೆ ಯಾರೂ ಗುಂಡು ಹಾರಿಸಬಾರದೆಂದು ಭಾರತ–ಚೀನಾ 1996ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಗಾಲ್ವಾನ್‌ನಲ್ಲಿ ಹೊಡೆದಾಟ ನಡೆದದ್ದು ಕಲ್ಲು, ದೊಣ್ಣೆ, ಮೊಳೆ ಹೊಡೆದ ಸಲಾಕೆಗಳಿಂದ. ಫೌ-ಜಿ ಆ ಸತ್ಯಕ್ಕೆ ನಿಷ್ಠವಾಗಿತ್ತು, ಮತ್ತು ಅದರಲ್ಲಿದ್ದ ಒಳ್ಳೆಯ ಕಲ್ಪನೆ ಇದೊಂದೇ. ಆದರೆ ಕೈಕಾಳಗವನ್ನೇ ನಂಬಿದ ಆಟಕ್ಕೆ ಏಟಿನ ತೂಕ, ಎದುರಾಳಿಯ ಜಾಣತನ, ಪಟ್ಟುಗಳ ವೈವಿಧ್ಯ ಇರಲೇಬೇಕು. ಅವು ಇರಲಿಲ್ಲ. ವಿಮರ್ಶಕರು ದೂರಿದ್ದೂ ಇದನ್ನೇ: ಮಾಡಿದ್ದನ್ನೇ ಮಾಡಿಸುತ್ತದೆ, ಗ್ರಾಫಿಕ್ಸ್ ಹಳೆಯದು, ಬೇಗ ಮುಗಿದುಹೋಗುತ್ತದೆ.

ಆರಂಭದಲ್ಲಿ 4ಕ್ಕಿಂತ ಮೇಲಿದ್ದ ಪ್ಲೇ ಸ್ಟೋರ್ ರೇಟಿಂಗ್ ಕೆಲವೇ ದಿನಗಳಲ್ಲಿ 3ರ ಆಸುಪಾಸಿಗೆ ಇಳಿಯಿತು. ಪಬ್‌ಜಿ ಅಭಿಮಾನಿಗಳು ಸಿಟ್ಟಿನಿಂದ ಸುರಿದ ಒಂದೊಂದು ಸ್ಟಾರ್‌ಗೂ ಇದರಲ್ಲಿ ಪಾಲಿದೆ. ಹಾಗೆಂದು ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕನ್ನಡಿಗರಿಗೆ ಇನ್ನೊಂದು ನೋವೂ ಇತ್ತು. ಬೆಂಗಳೂರಿನಲ್ಲೇ ಹುಟ್ಟಿದ ಆಟ ಮೊದಲ ದಿನ ಇಂಗ್ಲಿಷ್, ಹಿಂದಿ, ತಮಿಳಿನಲ್ಲಿ ಬಂತು. ಕನ್ನಡಕ್ಕೆ ಜಾಗವಿರಲಿಲ್ಲ.

ಬಂದೂಕು ಹಿಡಿದು ತಂಡವಾಗಿ ಆಡುವ ವಿಭಾಗ ಪ್ರಾಯೋಗಿಕವಾಗಿ ಸಿಕ್ಕಿದ್ದು 2021ರ ಜೂನ್‌ನಲ್ಲಿ. ಅಷ್ಟರಲ್ಲಿ ಕಾಲ ಮಿಂಚಿತ್ತು. ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಸಂಸ್ಥೆ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಹೆಸರಿನಲ್ಲಿ ಪಬ್‌ಜಿಯನ್ನೇ ಮರಳಿ ತಂದಿತು, ಹುಡುಗರು ಅತ್ತ ಹೋದರು.

ಸ್ವದೇಶಿ ಶೂಟರ್‌ನ ಪ್ರಯತ್ನ ಅಲ್ಲಿಗೆ ನಿಲ್ಲಲಿಲ್ಲ. ಪುಣೆಯ ಸೂಪರ್‌ಗೇಮಿಂಗ್ ಸಂಸ್ಥೆ ವೈಜ್ಞಾನಿಕ ಕಲ್ಪನೆಯ ‘ಇಂಡಸ್ ಬ್ಯಾಟಲ್ ರಾಯಲ್’ ಗೇಮನ್ನು 2024ರ ಅಕ್ಟೋಬರ್ 16ರಂದು ಬಿಡುಗಡೆ ಮಾಡಿತು. ಫೌ-ಜಿ ಹೆಸರೂ ಉಳಿಯಿತು: ಡಾಟ್9 ಗೇಮ್ಸ್ ತಯಾರಿಸಿದ ‘ಫೌ-ಜಿ: ಡಾಮಿನೇಷನ್’ 2025ರ ಜನವರಿ 30ರಂದು ಬಂತು. ಐವರ ಎದುರು ಐವರು ಆಡುವ ಪಂದ್ಯ, ದೆಹಲಿ ಮೆಟ್ರೊ, ಜೋಧಪುರದಂಥ ರಂಗಸ್ಥಳಗಳು, ಮೊದಲ ದಿನದಿಂದಲೇ ಕೈಯಲ್ಲಿ ಬಂದೂಕು.