ಘಾಟಿಯಾಚೆಯ ಮುತ್ತಮ್ಮ

ನಮ್ಮ ಶಾಲೆಯ ಐವತ್ತು ವರ್ಷಗಳ ಚರಿತ್ರೆಯ ಜೊತೆಗೆ ಅದೇ ಕಾಲದ ಇನ್ನೊಂದು ಚರಿತ್ರೆಯನ್ನೂ ನೆನೆಯಬೇಕೆಂದು ನನ್ನ ಆಸೆ.

ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಅಲ್ಲಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಮಹಿಳೆ ಮದುವೆಯಾಗಬೇಕಾದರೆ ಸರಕಾರದ ಲಿಖಿತ ಅನುಮತಿ ಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎಂದು ಕಂಡರೆ ರಾಜೀನಾಮೆಯನ್ನೂ ಕೇಳಬಹುದಿತ್ತು. ಗಂಡಸರಿಗೆ ಈ ನಿಯಮವಿರಲಿಲ್ಲ.

ಹಂಗೇರಿಯಲ್ಲಿ ರಾಯಭಾರಿಯಾಗಿದ್ದ ಮುತ್ತಮ್ಮನವರಿಗೂ ಮೇಲಿನ ದರ್ಜೆಯ ಬಡ್ತಿ ತಪ್ಪಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪಿಗೆ ಮೊದಲೇ ಸರಕಾರ ಬಡ್ತಿ ಕೊಟ್ಟಿದ್ದರಿಂದ 1979ರಲ್ಲಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಆ ನಿಯಮಗಳ ತಾರತಮ್ಯವನ್ನು ಕಟುವಾಗಿ ಖಂಡಿಸಿದರು.

ನಾನು ದುಡಿಯುವ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಇಂಥ ಲಿಖಿತ ನಿಯಮವಿಲ್ಲ. ಆದರೆ ಬಡ್ತಿಯ ಮಾತು ಬಂದಾಗ "ಅವರ ಮಗು ಸಣ್ಣದಲ್ಲವೇ" ಎಂದದ್ದನ್ನು ಕೇಳಿದ್ದೇನೆ. ಸಣ್ಣ ಮಗುವಿನ ತಂದೆಯ ಬಗ್ಗೆ ಹಾಗೆ ಹೇಳಿದ್ದನ್ನು ಕೇಳಿಲ್ಲ. ಬರೆದ ನಿಯಮವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಬರೆಯದ ನಿಯಮವನ್ನು ಮನೆಯಲ್ಲೂ ಕಚೇರಿಯಲ್ಲೂ ನಾವೇ ಅಳಿಸಬೇಕು. ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಡುವ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಮುತ್ತಮ್ಮನವರ ಹೆಸರು ತಿಳಿದಿರಲಿ.