ಮಕ್ಕಳಿರುವ ಮನೆ ಮತ್ತು ಪ್ರಭುತ್ವ: ತೌಲನಿಕ ಕುಟುಂಬ ನೀತಿ ಅಧ್ಯಯನದ ಇತಿಹಾಸ

ಹೆರಿಗೆ ರಜೆ, ಮಕ್ಕಳ ಭತ್ಯೆ, ಶಿಶುಪಾಲನಾ ಕೇಂದ್ರ, ಶಾಲಾಪೂರ್ವ ಶಿಕ್ಷಣ, ಮನೆ ಬಾಡಿಗೆಯ ನೆರವು, ತೆರಿಗೆ ವಿನಾಯಿತಿ ಮೊದಲಾದ ಮಾರ್ಗಗಳಿಂದ ಸರ್ಕಾರವು ಮಕ್ಕಳಿರುವ ಮನೆಗಳ ಬದುಕನ್ನು ತಟ್ಟುವ ಬಗೆಗಳನ್ನೆಲ್ಲ ಒಟ್ಟಾಗಿ ‘ಕುಟುಂಬ ನೀತಿ’ ಎಂದು ಕರೆಯುವ ರೂಢಿ ಯುರೋಪಿನಲ್ಲಿ ಹಳೆಯದು. ಆದರೆ ಬೇರೆ ಬೇರೆ ದೇಶಗಳ ಇಂಥ ನೀತಿಗಳನ್ನು ಒಂದೇ ಪ್ರಶ್ನಾವಳಿ, ಒಂದೇ ಅಳತೆಗೋಲು ಹಿಡಿದು ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸುವ ವಿದ್ಯಾಶಿಸ್ತು ಗಟ್ಟಿಯಾದದ್ದು 1970ರ ದಶಕದಲ್ಲಿ. ಅದನ್ನು ಕಟ್ಟಿದವರ ಮುಂಚೂಣಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯ ಇಬ್ಬರು ಪ್ರಾಧ್ಯಾಪಕರಿದ್ದರು: ಶೀಲಾ ಬಿ. ಕ್ಯಾಮರ್‌ಮನ್ ಮತ್ತು ಆಲ್ಫ್ರೆಡ್ ಜೆ. ಕಾನ್. ಕುಟುಂಬದ ವಿಷಯದಲ್ಲಿ ತನಗೆ ಯಾವ ರಾಷ್ಟ್ರೀಯ ನೀತಿಯೂ ಇಲ್ಲವೆಂದು ಹೇಳಿಕೊಳ್ಳುತ್ತಿದ್ದ ಅಮೆರಿಕದಲ್ಲೇ ಈ ಅಧ್ಯಯನ ಬೇರೂರಿದ್ದು ಆಕಸ್ಮಿಕವಾಗಿರಲಿಲ್ಲ.

ಕೊಲಂಬಿಯಾದ ಈ ಶಾಲೆಯ ಮೂಲವಿರುವುದು ನ್ಯೂಯಾರ್ಕಿನ ದಾನಕಾರ್ಯ ಸಂಘಟನೆಯೊಂದು 1898ರಲ್ಲಿ ನಡೆಸಿದ ಬೇಸಿಗೆ ತರಗತಿಯಲ್ಲಿ. ಬಡವರ ಮನೆಗೆ ಹೋಗಿ, ಅವರ ಸ್ಥಿತಿಗತಿ ವಿಚಾರಿಸಿ, ನೆರವಿಗೆ ಅರ್ಹರು ಯಾರು ಎಂದು ನಿರ್ಧರಿಸುವುದು ಅಂದಿನ ಸಮಾಜಕಾರ್ಯದ ಮುಖ್ಯ ಕಸುಬಾಗಿದ್ದುದರಿಂದ, ಬಡತನವನ್ನು ಆಯಾ ಮನೆಯ ಸಮಸ್ಯೆಯೆಂದು ನೋಡುವ ದೃಷ್ಟಿ ಆ ಪರಂಪರೆಯಲ್ಲಿ ಬಹುಕಾಲ ಉಳಿಯಿತು. ಇದೇ ಶಾಲೆಯಲ್ಲಿ 1952ರಲ್ಲಿ ಡಾಕ್ಟರೇಟ್ ಪಡೆದು ಅಲ್ಲೇ ಬೋಧಕರಾಗಿ ನೆಲೆನಿಂತ ಕಾನ್ ಆ ದೃಷ್ಟಿಯಿಂದ ಹೊರಬರಲು ಹಿಡಿದ ದಾರಿ, ಇತರ ದೇಶಗಳು ಏನು ಮಾಡಿವೆ ಎಂದು ಹೋಗಿ ನೋಡುವುದು. ಅವರೂ ಕ್ಯಾಮರ್‌ಮನ್ನರೂ ಕೂಡಿ 1975ರಲ್ಲಿ ಪ್ರಕಟಿಸಿದ, ಯುರೋಪಿನ ಸಮಾಜಸೇವೆಗಳನ್ನು ಕುರಿತ ಗ್ರಂಥದ ಶೀರ್ಷಿಕೆಯೇ ‘ಬಡವರಿಗಷ್ಟೇ ಅಲ್ಲ’ ಎಂಬರ್ಥದ್ದು. ಹಗಲು ಹೊತ್ತಿನ ಶಿಶುಪಾಲನೆ, ಮುದುಕರಿಗೆ ಮನೆಗೆಲಸದ ನೆರವು, ಮನೆಮನೆಗೆ ಬರುವ ಆರೋಗ್ಯ ಸಂದರ್ಶಕರು ಮುಂತಾದ ಸೇವೆಗಳನ್ನು ಯುರೋಪಿನ ಹಲವು ದೇಶಗಳು ರಸ್ತೆ, ಗ್ರಂಥಾಲಯಗಳಂತೆ ಎಲ್ಲ ವರ್ಗದವರಿಗೂ ಒದಗಿಸುತ್ತವೆ ಎಂಬುದನ್ನು, ಅಂಥ ಸೇವೆಗಳೆಂದರೆ ಬಡವರಿಗೆ ಕೊಡುವ ಧರ್ಮವೆಂದು ತಿಳಿದಿದ್ದ ಅಮೆರಿಕದ ಓದುಗರ ಮುಂದೆ ಅವರು ಇಟ್ಟರು.

ಈ ಮಾತಿಗೆ ಆಗ ತುರ್ತು ಇತ್ತು. 1971ರಲ್ಲಿ ಅಮೆರಿಕದ ಸಂಸತ್ತಿನ ಎರಡೂ ಸದನಗಳು, ಸೆನೆಟರ್ ವಾಲ್ಟರ್ ಮಾಂಡೇಲ್ ಮತ್ತು ಪ್ರತಿನಿಧಿ ಜಾನ್ ಬ್ರೇಡೆಮಸ್ ಮುಂದಾಳುತನದಲ್ಲಿ, ದೇಶದಾದ್ಯಂತ ಶಿಶುಪಾಲನಾ ಕೇಂದ್ರಗಳ ಜಾಲ ಕಟ್ಟುವ ಸಮಗ್ರ ಮಕ್ಕಳ ಅಭಿವೃದ್ಧಿ ಮಸೂದೆಯನ್ನು ಅಂಗೀಕರಿಸಿದ್ದವು. ಬಡವರಿಗೆ ಉಚಿತ, ಉಳಿದವರಿಗೆ ಆದಾಯಕ್ಕೆ ತಕ್ಕ ಶುಲ್ಕ ಎಂಬುದು ಅದರ ಏರ್ಪಾಡು. ಅದೇ ವರ್ಷದ ಡಿಸೆಂಬರ್ 9ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ವೀಟೊ ಅಧಿಕಾರ ಬಳಸಿ ಅದನ್ನು ತಡೆದರು. ಇಂಥ ಏರ್ಪಾಡು ಮಕ್ಕಳನ್ನು ಕುಟುಂಬದಿಂದ ಸಾಮೂಹಿಕ ಪಾಲನೆಯ ಕಡೆಗೆ ಒಯ್ಯುತ್ತದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಚಿಕ್ಕ ಮಕ್ಕಳಿರುವ ತಾಯಂದಿರು ಹಿಂದೆಂದಿಗಿಂತ ಹೆಚ್ಚು ಸಂಖ್ಯೆಯಲ್ಲಿ ದುಡಿಮೆಗೆ ಇಳಿಯುತ್ತಿದ್ದ ಹೊತ್ತಿಗೇ ಬಿದ್ದ ಈ ಪೆಟ್ಟಿನಿಂದ, ಶಿಶುಪಾಲನೆಯ ಪ್ರಶ್ನೆ ಅಮೆರಿಕದ ರಾಜಕಾರಣದಲ್ಲಿ ಬಹುಕಾಲ ಮುಟ್ಟಲಾರದ ಪ್ರಶ್ನೆಯಾಯಿತು.

1978ರಲ್ಲಿ ಕ್ಯಾಮರ್‌ಮನ್ ಮತ್ತು ಕಾನ್ ಸಂಪಾದಿಸಿದ, ಹದಿನಾಲ್ಕು ದೇಶಗಳ ಸರ್ಕಾರ ಮತ್ತು ಕುಟುಂಬಗಳನ್ನು ಕುರಿತ ಗ್ರಂಥವು ಈ ವಿದ್ಯಾಶಿಸ್ತಿನ ಬುನಾದಿ. ಅದರಲ್ಲಿ ದೇಶಗಳನ್ನು ಮೂರು ಗುಂಪಾಗಿ ಇಡಲಾಗಿದೆ. ಸ್ವೀಡನ್, ನಾರ್ವೆ, ಹಂಗೇರಿ, ಚೆಕೊಸ್ಲೊವಾಕಿಯಾ, ಫ್ರಾನ್ಸ್ ಇವು ಕುಟುಂಬಕ್ಕೆಂದೇ ವ್ಯಾಪಕ ನೀತಿಯನ್ನು ಘೋಷಿಸಿಕೊಂಡ ದೇಶಗಳು. ಆಸ್ಟ್ರಿಯಾ, ಪಶ್ಚಿಮ ಜರ್ಮನಿ, ಪೋಲೆಂಡ್, ಫಿನ್‌ಲ್ಯಾಂಡ್, ಡೆನ್ಮಾರ್ಕ್ ದೇಶಗಳಲ್ಲಿ ಕುಟುಂಬ ನೀತಿಯೆಂಬುದು ಸರ್ಕಾರದ ಕೆಲಸದ ಒಂದು ಕ್ಷೇತ್ರ. ಬ್ರಿಟನ್, ಕೆನಡಾ, ಇಸ್ರೇಲ್, ಅಮೆರಿಕಗಳಲ್ಲಿ ಅದು ಬಾಯಿಬಿಟ್ಟು ಹೇಳದ, ಹೇಳಲು ಹಿಂಜರಿಯುವ ಸಂಗತಿ. ಸಿದ್ಧಾಂತದ ದೃಷ್ಟಿಯಿಂದ ಗ್ರಂಥದ ಶಾಶ್ವತ ಕೊಡುಗೆ ಪ್ರಕಟ ನೀತಿ ಮತ್ತು ಅಂತರ್ಗತ ನೀತಿ ಎಂಬ ವಿಂಗಡಣೆ. ಕುಟುಂಬಕ್ಕೆ ಇಂಥದ್ದು ಆಗಬೇಕೆಂದು ಉದ್ದೇಶಿಸಿಯೇ ಕೈಗೊಂಡ ಕ್ರಮ ಪ್ರಕಟ ನೀತಿ. ಬೇರೊಂದು ಗುರಿಗಾಗಿ ರೂಪಿಸಿದ ಕಾನೂನು, ತೆರಿಗೆ, ವಲಸೆಯ ನಿಯಮ ಅಥವಾ ಕೈಗಾರಿಕಾ ತೀರ್ಮಾನವು ಕುಟುಂಬದ ಮೇಲೆ ಪರಿಣಾಮ ಬೀರಿದಾಗ ಅದು ಅಂತರ್ಗತ ನೀತಿ.

ಈ ವಿಂಗಡಣೆ ಮೇಲ್ನೋಟಕ್ಕೆ ಸರಳವಾದರೂ ಅದರ ಪರಿಣಾಮ ಆಳವಾದದ್ದು, ಏಕೆಂದರೆ ‘ನಮ್ಮಲ್ಲಿ ಕುಟುಂಬ ನೀತಿ ಇಲ್ಲ’ ಎಂಬ ಮಾತಿನ ಹಿಂದೆ ಸರ್ಕಾರಗಳು ಅಡಗಿಕೊಳ್ಳುವುದನ್ನು ಅದು ಅಸಾಧ್ಯಗೊಳಿಸಿತು. ಅಮೆರಿಕದ ಉದಾಹರಣೆಯನ್ನೇ ನೋಡಬಹುದು. 1935ರ ಸಾಮಾಜಿಕ ಭದ್ರತಾ ಕಾಯಿದೆಯು ಅವಲಂಬಿತ ಮಕ್ಕಳಿಗೆ ನೆರವು ಎಂಬ ಯೋಜನೆಯನ್ನು ತಂದಾಗ, ಅದನ್ನು ರೂಪಿಸಿದವರ ಕಣ್ಣ ಮುಂದಿದ್ದದ್ದು ಮುಖ್ಯವಾಗಿ ಗಂಡನನ್ನು ಕಳೆದುಕೊಂಡ ತಾಯಿ ದುಡಿಯಲು ಹೋಗದೆ ಮನೆಯಲ್ಲೇ ಮಕ್ಕಳನ್ನು ಸಾಕಲು ಅನುವು ಮಾಡುವ ಉದ್ದೇಶ. ಎರಡನೆಯ ಮಹಾಯುದ್ಧದಲ್ಲಿ ಕಾರ್ಖಾನೆಗಳಿಗೆ ಹೆಂಗಸರ ದುಡಿಮೆ ಬೇಕಾದಾಗ ಅದೇ ಸರ್ಕಾರ ಲ್ಯಾನ್‌ಹ್ಯಾಮ್ ಕಾಯಿದೆಯ ಹಣದಿಂದ ಶಿಶುಪಾಲನಾ ಕೇಂದ್ರಗಳನ್ನು ನಡೆಸಿತು, ಯುದ್ಧ ಮುಗಿದ ಮೇಲೆ 1946ರಲ್ಲಿ ಆ ಹಣವನ್ನು ನಿಲ್ಲಿಸಿತು. 1965ರಲ್ಲಿ ಬಡ ಮಕ್ಕಳಿಗಾಗಿ ಹೆಡ್ ಸ್ಟಾರ್ಟ್ ಎಂಬ ಶಾಲಾಪೂರ್ವ ಕಾರ್ಯಕ್ರಮ ಆರಂಭವಾಯಿತು. ಈ ಮೂರೂ ಕ್ರಮಗಳಲ್ಲಿ ತಾಯಿ ಎಲ್ಲಿರಬೇಕು, ಮಗುವಿನ ಹೊಣೆ ಯಾರದು ಎಂಬ ಖಚಿತ ತೀರ್ಮಾನಗಳಿವೆ. ಅವಕ್ಕೆ ನೀತಿಯೆಂಬ ಹೆಸರನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ.

1981ರ ಗ್ರಂಥದಲ್ಲಿ ಕ್ಯಾಮರ್‌ಮನ್ ಮತ್ತು ಕಾನ್ ಅಮೆರಿಕ, ಸ್ವೀಡನ್, ಫ್ರಾನ್ಸ್, ಹಂಗೇರಿ ಮತ್ತು ಎರಡು ಜರ್ಮನಿಗಳನ್ನು ಆರಿಸಿಕೊಂಡು, ಮೂರು ವರ್ಷದೊಳಗಿನ ಮಕ್ಕಳನ್ನು ತಂದೆತಾಯಿ ಇಬ್ಬರೂ ದುಡಿಯುವ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬ ಒಂದೇ ಪ್ರಶ್ನೆಯನ್ನು ಬೆನ್ನುಹತ್ತಿದರು. ಹಂಗೇರಿಯು 1967ರಿಂದ ತಾಯಿಗೆ ಮನೆಯಲ್ಲೇ ಇರಲು ನಿಗದಿತ ಭತ್ಯೆ ಕೊಡುತ್ತಿತ್ತು. ಪೂರ್ವ ಜರ್ಮನಿಯು ಶಿಶುಕೇಂದ್ರಗಳನ್ನು ಹಬ್ಬಿಸಿ ತಾಯಿಯನ್ನು ಕೆಲಸಕ್ಕೆ ಮರಳಿಸುವ ದಾರಿ ಹಿಡಿದಿತ್ತು. ಪಶ್ಚಿಮ ಜರ್ಮನಿಯಲ್ಲಿ ಶಿಶುವಿಹಾರವೂ ಶಾಲೆಯೂ ಸಾಮಾನ್ಯವಾಗಿ ಮಧ್ಯಾಹ್ನಕ್ಕೇ ಮುಗಿಯುತ್ತಿದ್ದುದರಿಂದ ಒಬ್ಬರು ಮನೆಯಲ್ಲಿರುವುದು ಅನಿವಾರ್ಯವಾಗಿತ್ತು. ಸ್ವೀಡನ್ 1974ರಲ್ಲಿ ಹೆರಿಗೆ ರಜೆಯ ಬದಲು ಪೋಷಕ ವಿಮೆಯನ್ನು, ಅಂದರೆ ತಂದೆತಾಯಿ ತಮ್ಮೊಳಗೆ ಹಂಚಿಕೊಳ್ಳಬಹುದಾದ, ಸಂಬಳದ ಶೇ. 90ರಷ್ಟು ದೊರೆಯುವ ಆರು ತಿಂಗಳ ರಜೆಯನ್ನು, ಜಾರಿಗೆ ತಂದಿತು. ತಂದೆಗೂ ಇಂಥ ಹಕ್ಕು ಕೊಟ್ಟ ಮೊದಲ ದೇಶ ಅದು. ಮಗುವಿನ ಪಾಲನೆಯಲ್ಲಿ ‘ಸಹಜ’ವೆಂದು ಒಂದು ಸಮಾಜ ನಂಬಿಕೊಂಡದ್ದು ನೆರೆಯ ಸಮಾಜದಲ್ಲಿ ಹಾಗಿಲ್ಲವೆಂದು ತೋರಿಸುವ ಶಕ್ತಿ ತೌಲನಿಕ ವಿಧಾನಕ್ಕೆ ಎಷ್ಟಿದೆ ಎಂಬುದು, ಒಂದೇ ಭಾಷೆಯಾಡುವ ಎರಡು ಜರ್ಮನಿಗಳ ನಡುವಿನ ಅಂತರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೋಲಿಕೆಯ ತಾಂತ್ರಿಕ ತೊಡಕೂ ಸಣ್ಣದಾಗಿರಲಿಲ್ಲ. ಒಂದು ದೇಶ ನಗದು ಭತ್ಯೆ ಕೊಟ್ಟರೆ ಇನ್ನೊಂದು ತೆರಿಗೆಯಲ್ಲಿ ಬಿಡುತ್ತದೆ, ಮತ್ತೊಂದು ಬಾಡಿಗೆಯಲ್ಲಿ ಕಳೆಯುತ್ತದೆ; ಅಮೆರಿಕದಲ್ಲಂತೂ ಮಕ್ಕಳ ನೆರವಿನ ದರವನ್ನು ರಾಜ್ಯಗಳೇ ನಿಗದಿಪಡಿಸುತ್ತಿದ್ದವು. ಇದಕ್ಕೆ ಕಂಡುಕೊಂಡ ಉಪಾಯ ಮಾದರಿ ಕುಟುಂಬಗಳ ವಿಧಾನ: ಕೆಲಸವಿಲ್ಲದ ಒಂಟಿ ತಾಯಿ ಮತ್ತು ಎರಡು ಮಕ್ಕಳು, ಸರಾಸರಿ ಕೂಲಿಯ ಒಬ್ಬನೇ ದುಡಿಯುವ ದಂಪತಿ ಎಂಬಂತೆ ಕೆಲವು ಕಲ್ಪಿತ ಕುಟುಂಬಗಳನ್ನು ನಿರೂಪಿಸಿ, ಪ್ರತಿ ದೇಶದ ನಿಯಮಗಳ ಪ್ರಕಾರ ವರ್ಷದ ಕೊನೆಗೆ ಆ ಮನೆಯ ಕೈಗೆ ಎಷ್ಟು ಬರುತ್ತದೆಂದು ಲೆಕ್ಕ ಹಾಕುವುದು. 1983ರಲ್ಲಿ ಹೊರಬಂದ ಎಂಟು ದೇಶಗಳ ಅಧ್ಯಯನ ಹೀಗೆ ರೂಪುಗೊಂಡಿತು. ಈ ವಿಧಾನ ಕಾಗದದ ಮೇಲಿನ ಹಕ್ಕನ್ನು ಅಳೆಯುತ್ತದೆಯೇ ಹೊರತು ಆ ಹಕ್ಕು ಜನರಿಗೆ ನಿಜವಾಗಿ ದಕ್ಕಿತೇ ಎಂಬುದನ್ನಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಆದರೂ ಬೇರೆ ಬೇರೆ ಹೆಸರು ಹೊತ್ತ ನೆರವುಗಳನ್ನು ಒಂದೇ ತಕ್ಕಡಿಗೆ ತಂದದ್ದು ಅದರ ಸಾಧನೆ.

ಅದೇ ವರ್ಷ ಅವರಿಬ್ಬರೂ ಪಾಲ್ ಕಿಂಗ್‌ಸ್ಟನ್ ಜೊತೆ ಪ್ರಕಟಿಸಿದ ಹೆರಿಗೆ ನೀತಿಯ ಅಧ್ಯಯನ ತಮ್ಮ ದೇಶದ ಕಡೆಗೇ ತಿರುಗಿದ್ದು, ದುಡಿಯುವ ಅಮೆರಿಕನ್ ಹೆಂಗಸರಲ್ಲಿ ಅರ್ಧಕ್ಕೂ ಕಡಿಮೆ ಮಂದಿಗೆ ಹೆರಿಗೆಯ ಹೊತ್ತಿಗೆ ಕೆಲವು ವಾರಗಳ ಸಂಬಳಸಹಿತ ರಜೆ ಸಿಗುತ್ತಿತ್ತೆಂದು ತೋರಿಸಿತು. ಹೆರಿಗೆಗೆ ಮುನ್ನ ಮತ್ತು ನಂತರದ ವಾರಗಳಲ್ಲಿ ಆದಾಯದ ಭದ್ರತೆಯೊಡನೆ ರಜೆ ಇರಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ ಅಂಗೀಕಾರವಾದದ್ದು 1919ರಲ್ಲಿ, ವಾಷಿಂಗ್ಟನ್ ನಗರದಲ್ಲೇ; ಅಮೆರಿಕ ಅದನ್ನು ಅನುಮೋದಿಸಲಿಲ್ಲ. ಕುಟುಂಬ ಮತ್ತು ವೈದ್ಯಕೀಯ ರಜೆಯ ಮಸೂದೆಯನ್ನು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಎರಡು ಸಲ ತಡೆದ ಬಳಿಕ, 1993ರಲ್ಲಿ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾಯಿದೆ ಕೊಟ್ಟದ್ದು 12 ವಾರಗಳ ರಜೆ, ಅದೂ ಸಂಬಳವಿಲ್ಲದೆ, 50 ಅಥವಾ ಹೆಚ್ಚು ನೌಕರರಿರುವ ಕಡೆ ಮಾತ್ರ. 1995ರಲ್ಲಿ ಕ್ಯಾಮರ್‌ಮನ್ ಮತ್ತು ಕಾನ್ ತಮ್ಮ ದೇಶವು ಅತಿ ಚಿಕ್ಕ ಮಕ್ಕಳನ್ನು ಕಡೆಗಣಿಸಿರುವ ಬಗೆಯನ್ನು ಕುರಿತು ಮತ್ತೊಂದು ಗ್ರಂಥ ಬರೆದರು. ಇಪ್ಪತ್ತು ವರ್ಷ ಒಂದೇ ವಾದವನ್ನು ಹೊಸ ಹೊಸ ಪುರಾವೆಗಳೊಡನೆ ಮುಂದಿಡುತ್ತ ಬಂದ ಈ ತಾಳ್ಮೆ ಗೌರವಕ್ಕೆ ಅರ್ಹವಾದದ್ದು.

ಈ ನಡುವೆ ವಿದ್ಯಾಶಿಸ್ತಿನ ಒಳಗೇ ಚರ್ಚೆ ಬೆಳೆಯಿತು. ಡೆನ್ಮಾರ್ಕಿನ ಗೋಸ್ಟಾ ಎಸ್ಪಿಂಗ್-ಆಂಡರ್ಸನ್ 1990ರಲ್ಲಿ ಕಲ್ಯಾಣ ರಾಜ್ಯಗಳನ್ನು ಉದಾರವಾದಿ, ಸಂಪ್ರದಾಯವಾದಿ, ಸಾಮಾಜಿಕ ಪ್ರಜಾಸತ್ತಾತ್ಮಕ ಎಂದು ವಿಂಗಡಿಸಿದಾಗ, ಬ್ರಿಟನ್ನಿನ ಜೇನ್ ಲೂಯಿಸ್ ಮೊದಲಾದ ಸ್ತ್ರೀವಾದಿ ವಿದ್ವಾಂಸರು ಆ ವಿಂಗಡಣೆಯು ಸಂಬಳದ ದುಡಿಮೆಯನ್ನಷ್ಟೇ ಕೇಂದ್ರದಲ್ಲಿಟ್ಟು ಮನೆಯೊಳಗಿನ ಸಂಬಳವಿಲ್ಲದ ಪಾಲನೆಯನ್ನು ಮರೆತಿದೆಯೆಂದು ಟೀಕಿಸಿದರು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬಲ್ಲಿಂದಲೇ ಹೊರಟಿದ್ದ ಕೊಲಂಬಿಯಾದ ಅಧ್ಯಯನಗಳು ಆ ಕೊರತೆಯನ್ನು ಮೊದಲೇ ಬಹುಮಟ್ಟಿಗೆ ತುಂಬಿದ್ದವು.

ಪಾಲನೆ ಮತ್ತು ಶಿಕ್ಷಣಗಳ ನಡುವಿನ ಬಿರುಕು ಈ ಇತಿಹಾಸದ ಇನ್ನೊಂದು ದೊಡ್ಡ ವಿಷಯ. ಪ್ಯಾರಿಸ್ಸಿನಲ್ಲಿ 1844ರಲ್ಲಿ ಫಿರ್ಮಾಂ ಮಾರ್ಬೋ ಕೂಲಿ ಹೆಂಗಸರ ಹಸುಗೂಸುಗಳಿಗಾಗಿ ತೆರೆದ ಶಿಶುಕೇಂದ್ರ ದಾನಧರ್ಮದ ಸಂಸ್ಥೆಯಾಗಿದ್ದು, ಆ ಬಗೆಯ ಕೇಂದ್ರಗಳು ಮುಂದೆ ಆರೋಗ್ಯದ ಆಡಳಿತಕ್ಕೆ ಸೇರಿದವು; ಮೂರು ವರ್ಷದಿಂದ ಮೇಲಿನ ಮಕ್ಕಳ ‘ಎಕೋಲ್ ಮಾತೆರ್ನೆಲ್’ ಎಂಬ ಶಾಲೆಗಳು 1881ರಲ್ಲಿ ಆ ಹೆಸರು ಪಡೆದು ಶಿಕ್ಷಣ ಇಲಾಖೆಯೊಳಗೇ ನೆಲೆಗೊಂಡವು. ಫ್ರೀಡ್ರಿಷ್ ಫ್ರೊಬೆಲ್ 1837ರಲ್ಲಿ ಬಾಟ್ ಬ್ಲಾಂಕೆನ್‌ಬುರ್ಗಿನಲ್ಲಿ ಆರಂಭಿಸಿದ ಮಾದರಿಯ ಶಿಶುವಿಹಾರಗಳನ್ನು ಪ್ರಷ್ಯಾ ಸರ್ಕಾರ 1851ರಲ್ಲಿ ನಿಷೇಧಿಸಿ, ಆ ನಿಷೇಧವನ್ನು 1860ರವರೆಗೂ ಉಳಿಸಿಕೊಂಡಿತ್ತು. ಸ್ವೀಡನ್ ತನ್ನ ಶಿಶುಪಾಲನೆಯ ಇಡೀ ಹೊಣೆಯನ್ನು ಸಮಾಜಕಲ್ಯಾಣದಿಂದ ಶಿಕ್ಷಣ ಸಚಿವಾಲಯಕ್ಕೆ ವರ್ಗಾಯಿಸಿದ್ದು 1996ರಲ್ಲಿ. ಮಗು ಯಾವ ಇಲಾಖೆಗೆ ಸೇರಿತೆಂಬುದರ ಮೇಲೆ ಅಲ್ಲಿ ದುಡಿಯುವವರ ತರಬೇತಿ, ಸಂಬಳ, ತೆರೆದಿರುವ ಗಂಟೆಗಳು ಎಲ್ಲವೂ ನಿಂತಿವೆಯೆಂಬುದನ್ನು, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2001 ಮತ್ತು 2006ರಲ್ಲಿ ಹೊರತಂದ ಬಹುದೇಶೀಯ ವರದಿಗಳು ವಿವರಿಸಿದವು. ಯುನೆಸ್ಕೊದ 2007ರ ಜಾಗತಿಕ ಶಿಕ್ಷಣ ವರದಿಗಾಗಿ ಕ್ಯಾಮರ್‌ಮನ್ ಬರೆದ ಹಿನ್ನೆಲೆ ಪ್ರಬಂಧ ಇದೇ ವಿಷಯದ ಜಾಗತಿಕ ಇತಿಹಾಸ.

ಭಾರತದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಆರಂಭವಾದಾಗ, ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಶಾಲಾಪೂರ್ವ ಶಿಕ್ಷಣಗಳನ್ನು ಅಂಗನವಾಡಿಯೆಂಬ ಒಂದೇ ಸೂರಿನಡಿ ತಂದದ್ದು ಅದರ ವಿಶೇಷವಾದರೂ, ಪಾಲನೆ ಮತ್ತು ಶಿಕ್ಷಣಗಳ ನಡುವಿನ ಆ ಬಿರುಕು ಇಲ್ಲಿಯೂ ಮುಚ್ಚಿಲ್ಲ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆ ಗ್ರಾಮೀಣಾಭಿವೃದ್ಧಿ ಇಲಾಖೆಯದು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟದ್ದು ಶಾಲಾ ಶಿಕ್ಷಣ ಇಲಾಖೆ. ತಮ್ಮ ಕೇಂದ್ರಗಳ ಮಕ್ಕಳು ಅಲ್ಲಿಗೆ ಹೋದರೆ ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದರು, ಬಳಿಕ ಬೆಂಗಳೂರಿನ ಆಯ್ದ ಅಂಗನವಾಡಿಗಳಲ್ಲೇ ಆ ತರಗತಿಗಳು ಆರಂಭವಾದವು. ಫ್ರಾನ್ಸಿನಲ್ಲಿ ಮೂರು ವರ್ಷದ ಮಗುವಿಗೆ ಕಲಿಸುವವರು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಸಮಾನವಾದ ತರಬೇತಿಯನ್ನೂ ಸಂಬಳವನ್ನೂ ಪಡೆಯುತ್ತಾರೆ; ಅಂಗನವಾಡಿ ಕಾರ್ಯಕರ್ತೆಗೆ ಇಂದಿಗೂ ಸಿಗುವುದು ಗೌರವಧನ, ಮತ್ತು ಆಕೆಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಯೋಜನೆ ಆರಂಭವಾಗಿ ನಲವತ್ತಾರು ವರ್ಷಗಳು ಕಳೆದ ಮೇಲೆ, 2022ರ ಏಪ್ರಿಲ್‌ನಲ್ಲಿ.