ದೂರವಾಣಿಯ ದೂರು: ಗುಂಡ್ಲುಪೇಟೆಯಿಂದ ನೋಡಿದಾಗ

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡಿನ ಮೂಲಕ ಊಟಿಯತ್ತ ಹೋದರೆ ಇನ್ನೊಂದು ಮುತ್ತಂಗ, ಸುಲ್ತಾನ್ ಬತ್ತೇರಿ ದಾಟಿ ಕೋಯಿಕ್ಕೋಡಿನತ್ತ ಹೋಗುತ್ತದೆ. ತಾಲ್ಲೂಕಿನ ಟೊಮೆಟೊ, ಸಾಂಬಾರ್ ಈರುಳ್ಳಿ, ಚೆಂಡುಹೂವು ಈ ದಾರಿಗಳಲ್ಲೇ ಸಾಗುತ್ತವೆ. ಇವತ್ತಿನ ಧಾರಣೆ ಎಷ್ಟೆಂದು ರೈತ ವ್ಯಾಪಾರಿಯನ್ನು ಕೇಳುವುದು ಫೋನಿನಲ್ಲಿ. ಗಲ್ಫಿಗೆ ಹೋದ ಮಗನ ಮುಖವನ್ನು ತಾಯಿ ನೋಡುವುದೂ ಫೋನಿನಲ್ಲೇ. ಹೀಗಿರುವಾಗ ಆ ಸಂಪರ್ಕ ಕೈಕೊಟ್ಟರೆ, ಬಿಲ್ಲು ಬೇಕಾಬಿಟ್ಟಿ ಬಂದರೆ, ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ದೊಡ್ಡದೊಂದು ಚರಿತ್ರೆಯೇ ಇದೆ. ನಮ್ಮಂಥ ಗಡಿ ಜಿಲ್ಲೆಯವರು ಅದನ್ನು ತಿಳಿದಿರುವುದು ಒಳ್ಳೆಯದು.

ತಂತಿ ಮತ್ತು ದೂರವಾಣಿ ಸರ್ಕಾರದ ಸೊತ್ತು ಎಂದು ಹೇಳಿದ್ದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ. ಬ್ರಿಟಿಷರು ಹೋದರೂ ಕಾಯ್ದೆ ಉಳಿಯಿತು. ದೂರವಾಣಿ ಎಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಭಾಗ್ಯವಾಗಿತ್ತು. ಸಿ-ಡಾಟ್ ಸಂಸ್ಥೆ ತಯಾರಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೆಲಸ ಶುರುಮಾಡಿತು. ಆಮೇಲೆ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದವು. ಆದರೂ ಇಲಾಖೆಯೇ ಯಜಮಾನ, ನಾವು ಅರ್ಜಿದಾರರು ಎಂಬ ಸಂಬಂಧ ಮಾತ್ರ ಬದಲಾಗಲಿಲ್ಲ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸತೊಡಗಿತು. ಸಾಮಾನ್ಯ ಬಳಕೆದಾರರಿಗೆ 250 ಗಂಟೆಗೆ 5,000 ರೂಪಾಯಿ. ವೇಗವೋ ಸೆಕೆಂಡಿಗೆ 9.6 ಕಿಲೋಬಿಟ್. ಇಷ್ಟು ಕೊಟ್ಟರೂ ಸಂಪರ್ಕ ಸಿಗುತ್ತಿರಲಿಲ್ಲ. ಸಿಕ್ಕರೆ ನಿಲ್ಲುತ್ತಿರಲಿಲ್ಲ. ಬಳಕೆದಾರರ ಸಿಟ್ಟು ಎಷ್ಟಿತ್ತೆಂದರೆ, ತಪ್ಪಾಗಿದೆಯೆಂದು ನಿಗಮದ ಮುಖ್ಯಸ್ಥ ಬಿ.ಕೆ. ಸಿಂಘಾಲ್ ಅವರೇ ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು. ಇಂಟರ್‌ನೆಟ್ಟಿನ ಬಗ್ಗೆ ಸಾಮೂಹಿಕವಾಗಿ ದೂರುವ ಪರಂಪರೆ ಶುರುವಾದದ್ದು ಹೀಗೆ. ಒಬ್ಬೊಬ್ಬನೇ ಗೊಣಗುವುದಕ್ಕೂ ಹಲವರು ಅನುಭವಗಳನ್ನು ಒಟ್ಟುಗೂಡಿಸಿ ಕೇಳುವುದಕ್ಕೂ ಇರುವ ವ್ಯತ್ಯಾಸ ಆಗಲೇ ತಿಳಿಯಿತು.

ದೂರು ಬೇಗನೆ ವೇಗ ಮತ್ತು ದರವನ್ನು ದಾಟಿತು. ಇಂಟರ್‌ನೆಟ್ ಮೂಲಕ ವಿದೇಶಕ್ಕೆ ಅಗ್ಗವಾಗಿ ಮಾತಾಡಬಹುದಾದ ತಾಣಗಳನ್ನು ನಿಗಮ ತಡೆಯಿತು. ಏಕೆಂದರೆ ವಿದೇಶಿ ಕರೆಗಳೇ ಅದರ ದೊಡ್ಡ ಆದಾಯವಾಗಿದ್ದವು. ಈ ತಡೆಯ ಭಾರ ಬಿದ್ದದ್ದು ಯಾರ ಮೇಲೆ? ದುಬೈ, ರಿಯಾದ್, ದೋಹಾಗಳಲ್ಲಿ ದುಡಿಯುವವರನ್ನು ಹೊಂದಿದ್ದ ಕರಾವಳಿಯ, ಮಲಬಾರಿನ, ನಮ್ಮ ಸೀಮೆಯ ಮನೆಗಳ ಮೇಲೆ. ನಿಮಿಷ ಎಣಿಸಿಕೊಂಡು ಮಾತಾಡಿದ ತಾಯಂದಿರಿಗೆ ಇದರ ಹಿಂದೊಂದು ನೀತಿ ಇದೆಯೆಂದು ಯಾರೂ ಹೇಳಲಿಲ್ಲ. ಇಂಟರ್‌ನೆಟ್ ಕರೆ ಕಾನೂನುಬದ್ಧವಾದದ್ದು 2002ರ ಏಪ್ರಿಲ್ 1ರಂದು. 1999ರಲ್ಲಿ ಕಾರ್ಗಿಲ್ ಯುದ್ಧದ ಹೊತ್ತಿಗೆ ಪಾಕಿಸ್ತಾನದ ‘ಡಾನ್’ ಪತ್ರಿಕೆಯ ತಾಣವೂ ಹೇಳದೆ ಕೇಳದೆ ಮಾಯವಾಯಿತು. ಇದನ್ನು ಪತ್ತೆಹಚ್ಚಿ ಪ್ರಶ್ನಿಸಿದವರು ಕೂಡ ಬಳಕೆದಾರರೇ. ಅವರಲ್ಲಿ ದೆಹಲಿಯ ಎಂಜಿನಿಯರ್ ಅರುಣ್ ಮೆಹ್ತಾ ಪ್ರಮುಖರು. ಯುದ್ಧಕಾಲದಲ್ಲಿ ಹೀಗೆ ಕೇಳಲು ಧೈರ್ಯ ಬೇಕು. ತಂತಿಯ ಒಡೆಯನೇ ನಾವು ಏನು ಓದಬೇಕೆಂದೂ ನಿರ್ಧರಿಸಬಲ್ಲ ಎಂಬುದು ಆಗ ಬಯಲಾಯಿತು.

1998ರ ಕೊನೆಗೆ ಖಾಸಗಿಯವರೂ ಇಂಟರ್‌ನೆಟ್ ಸೇವೆಗೆ ಇಳಿದರು. 2000ದ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಬಂತು. 2002ರಲ್ಲಿ ವಿಎಸ್‌ಎನ್‌ಎಲ್ ಟಾಟಾ ಕೈಗೆ ಹೋಯಿತು. ಪೈಪೋಟಿ ಬಂದರೆ ಗ್ರಾಹಕನೇ ದೊರೆ ಎಂದರು. ಹಾಗಾಯಿತೇ?

ಇಲ್ಲಿ ನಮ್ಮ ಹೆದ್ದಾರಿಯ ಆ ತುದಿಯ ಊರನ್ನು ನೆನೆಯಬೇಕು. ಕೋಯಿಕ್ಕೋಡಿನ ಒಬ್ಬ ಗ್ರಾಹಕರು ತಮ್ಮ ದೂರವಾಣಿ ಕಡಿತವಾದಾಗ ಗ್ರಾಹಕ ವೇದಿಕೆಗೆ ಹೋದರು. ಸಂಪರ್ಕ ಮರಳಿ ಕೊಡಿ, 5,000 ರೂಪಾಯಿ ಪರಿಹಾರವನ್ನು ಬಡ್ಡಿಸಮೇತ ಕೊಡಿ ಎಂದು 2001ರಲ್ಲಿ ವೇದಿಕೆ ಆದೇಶಿಸಿತು. ಈ ಪುಟ್ಟ ಮೊತ್ತಕ್ಕಾಗಿ ಇಲಾಖೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2009ರ ಸೆಪ್ಟೆಂಬರ್ 1ರಂದು ತೀರ್ಪು ಬಂತು. ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನ ಪ್ರಕಾರ ಇಂಥ ವಿವಾದಗಳು ಮಧ್ಯಸ್ಥಗಾರರ ಮುಂದೆ ಹೋಗಬೇಕು, ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ ಎಂದಿತು ನ್ಯಾಯಾಲಯ. ಆ ಮಧ್ಯಸ್ಥಗಾರರನ್ನು ನೇಮಿಸುವುದು ಕೇಂದ್ರ ಸರ್ಕಾರ! ಬ್ರಿಟಿಷರ ಕಾಲದ ಕಾಯ್ದೆಯೊಂದು ಮೊಬೈಲ್ ಯುಗದ ಬಡ ಗ್ರಾಹಕನ ಬಾಗಿಲು ಮುಚ್ಚಿತು. ಖಾಸಗಿ ಕಂಪನಿಗಳೂ ಇದೇ ತೀರ್ಪಿನ ನೆರಳಲ್ಲಿ ತಂಪಾಗಿ ಕುಳಿತವು. 1997ರಲ್ಲಿ ಹುಟ್ಟಿದ ಟ್ರಾಯ್ ಪ್ರಾಧಿಕಾರವೋ ಒಬ್ಬೊಬ್ಬರ ದೂರನ್ನು ಬಗೆಹರಿಸುವುದಿಲ್ಲ.

ಬಾಗಿಲು ಮುಚ್ಚಿದಾಗ ಜನ ಬೀದಿಗೆ ಬರುತ್ತಾರೆ. ಇಲ್ಲಿ ಬೀದಿಯೆಂದರೆ ಇಂಟರ್‌ನೆಟ್ಟೇ ಆಯಿತು. 2014ರ ಡಿಸೆಂಬರಿನಲ್ಲಿ ಇಂಟರ್‌ನೆಟ್ ಕರೆಗಳಿಗೆ ಬೇರೆಯೇ ದರ ವಿಧಿಸುವುದಾಗಿ ಏರ್‌ಟೆಲ್ ಪ್ರಕಟಿಸಿತು. ವಿರೋಧ ಬಂದೊಡನೆ ಹಿಂದೆಗೆಯಿತು. 2015ರ ಏಪ್ರಿಲಿನಲ್ಲಿ ಕಂಪನಿಗೆ ಹಣ ಕೊಟ್ಟ ತಾಣಗಳನ್ನು ಮಾತ್ರ ಗ್ರಾಹಕರಿಗೆ ಪುಕ್ಕಟೆ ತೋರಿಸುವ ‘ಏರ್‌ಟೆಲ್ ಜೀರೋ’ ಬಂತು. ಅದೇ ವೇಳೆ ಟ್ರಾಯ್ ಕೇಳಿದ್ದ 20 ಪ್ರಶ್ನೆಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಹೋದವು. 2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ದರಗಳನ್ನು ನಿಷೇಧಿಸಿತು. ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಕೂಡ ಇದರಿಂದ ನಿಂತಿತು.

ಈ ಹೋರಾಟದಲ್ಲಿ ಕನ್ನಡ ನಾಡಿನ ಪಾಲೂ ಇದೆ. 2015ರ ಜೂನ್‌ನಲ್ಲಿ ಬೆಂಗಳೂರಿನ ತೇಜೇಶ್ ಜಿ.ಎನ್. ಎಂಬುವರು, ತಾವು ನೋಡುವ ಪುಟಗಳೊಳಕ್ಕೆ ಏರ್‌ಟೆಲ್ ಜಾಲ ಬೇರೇನೋ ಸಂಕೇತಸಾಲುಗಳನ್ನು ಸೇರಿಸುತ್ತಿರುವುದನ್ನು ಕಂಡು ಪ್ರಕಟಿಸಿದರು. ಆ ತಂತ್ರಾಂಶದ ಒಡೆತನ ಹೊಂದಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿ ಅವರಿಗೇ ವಕೀಲರ ನೋಟಿಸು ಕಳಿಸಿತು. ಗ್ರಾಹಕರು ಎಷ್ಟು ಡೇಟಾ ಬಳಸಿದರೆಂದು ತಿಳಿಸುವುದಕ್ಕಾಗಿ ಹಾಗೆ ಮಾಡಿದ್ದೆಂದು ಏರ್‌ಟೆಲ್ ಹೇಳಿತು. ನೋಟಿಸಿಗೂ ತನಗೂ ಸಂಬಂಧವಿಲ್ಲವೆಂದಿತು. ನಮ್ಮ ಅಂಚೆ ಲಕೋಟೆಯನ್ನು ದಾರಿಯಲ್ಲಿ ಬಿಚ್ಚಿ ಒಳಗೊಂದು ಚೀಟಿ ತುರುಕಿದರೆ ಸುಮ್ಮನಿರುತ್ತೇವೆಯೇ? ಇನ್ನೊಂದು ಕಡೆ ಬನವಾಸಿ ಬಳಗದಂಥ ಗೆಳೆಯರ ಗುಂಪುಗಳು ಗ್ರಾಹಕ ಸೇವೆ ಕನ್ನಡದಲ್ಲಿರಲಿ ಎಂದು ಕಂಪನಿಗಳನ್ನು ಪಟ್ಟುಬಿಡದೆ ಕೇಳಿದವು. ನಮ್ಮ ನುಡಿಯಲ್ಲಿ ದೂರಲಾಗದಿದ್ದರೆ ದೂರಿನ ಹಕ್ಕು ಇದ್ದೂ ಇಲ್ಲದಂತೆ ಎಂಬ ಸರಳ ಸತ್ಯ ಅದರಲ್ಲಿತ್ತು.

ಆದರೆ ಒಂದು ಮಾತನ್ನು ನಾವು ನಿಷ್ಠುರವಾಗಿ ಹೇಳಿಕೊಳ್ಳಬೇಕು. ಈ ಚರಿತ್ರೆಯಲ್ಲಿ ಕೇಳಿದ ದನಿಗಳು ಬಹುಪಾಲು ನಗರದವು, ಇಂಗ್ಲಿಷ್ ಬಲ್ಲವರವು. ಇಂಟರ್‌ನೆಟ್ ಚೆನ್ನಾಗಿಲ್ಲವೆಂದು ಇಂಟರ್‌ನೆಟ್ಟಿನಲ್ಲೇ ದೂರಬೇಕಾದರೆ ಮೊದಲು ಅದು ಇರಬೇಕಷ್ಟೆ! 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ ಈ ಸತ್ಯ ನಾಡಿಗೆಲ್ಲ ಕಂಡಿತು. ಕಾಡಂಚಿನ ಊರುಗಳ ಮಕ್ಕಳಿಗೆ ಸಿಗ್ನಲ್ ಎಂಬುದು ದಿಣ್ಣೆ ಹತ್ತಿ ಹುಡುಕುವ ವಸ್ತುವಾಯಿತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳನ್ನು ಒಡಲಲ್ಲಿಟ್ಟುಕೊಂಡ ಚಾಮರಾಜನಗರ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಲಿಗರ, ಜೇನುಕುರುಬರ ಹಾಡಿಗಳ ದೂರು ಯಾವ ದೂರು ಕೇಂದ್ರದಲ್ಲೂ ದಾಖಲಾಗದ ದೂರು.

ಇಲ್ಲಿ ಗುಂಡ್ಲುಪೇಟೆಯ ಮಣ್ಣಿನವರೇ ಆದ ಅಬ್ದುಲ್ ನಜೀರ್ ಸಾಬ್ ನೆನಪಾಗುತ್ತಾರೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿ ಅವರು ಹಳ್ಳಿಹಳ್ಳಿಗೂ ಕೊಳವೆ ಬಾವಿ ಕೊರೆಸಿದರು. ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದರು. 1988ರಲ್ಲಿ ಅವರು ತೀರಿಕೊಂಡರು. ನೀರು ಕೊಟ್ಟದ್ದಕ್ಕಿಂತ ಅವರ ದೊಡ್ಡ ಕೊಡುಗೆ ಪಂಚಾಯತಿ ವ್ಯವಸ್ಥೆ. 1987ರ ಚುನಾವಣೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕೈಗೆ ಅಧಿಕಾರ ಬಂತು. ಬೋರ್‌ವೆಲ್ ಕೆಟ್ಟರೆ ಬೆಂಗಳೂರಿಗೆ ಹೋಗಬೇಕಿಲ್ಲ, ಊರಲ್ಲೇ ಕೇಳು ಎಂಬುದು ಅದರ ತಿರುಳು. ಸೇವೆ ಕೊಡುವವನಿಗೂ ಪಡೆಯುವವನಿಗೂ ನಡುವಿನ ದೂರವನ್ನು ಕಡಿಮೆ ಮಾಡುವುದೇ ನ್ಯಾಯ. ಇಂಟರ್‌ನೆಟ್ಟಿನ ವಿಷಯದಲ್ಲಿ ಆಗಬೇಕಾದದ್ದೂ ಅದೇ. ನಮ್ಮ ಗ್ರಾಮಸಭೆಗಳಲ್ಲಿ ಚರಂಡಿ, ಬೀದಿದೀಪಗಳ ಜೊತೆ ಟವರಿನ ಮಾತೂ ಯಾಕೆ ಬರಬಾರದು?

ಮುಚ್ಚಿದ್ದ ಬಾಗಿಲು ಈಗ ತೆರೆದಿದೆ. ತಿಂಗಳಿಗೆ ಸರಾಸರಿ 555 ರೂಪಾಯಿ ಕಟ್ಟುತ್ತಿದ್ದ ಅಹಮದಾಬಾದಿನ ಗ್ರಾಹಕರೊಬ್ಬರಿಗೆ ಒಮ್ಮೆಲೇ 24,609 ರೂಪಾಯಿಯ ಬಿಲ್ಲು ಬಂದಿತ್ತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಫೆಬ್ರವರಿ 16ರಂದು ಟೆಲಿಕಾಂ ಕಂಪನಿಗಳ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಸ್ಪಷ್ಟಪಡಿಸಿತು. 1885ರ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅದೂ ಈ ಹಕ್ಕನ್ನು ಕಿತ್ತುಕೊಂಡಿಲ್ಲ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಜನ ಮತ್ತೊಂದು ಬಗೆಯಲ್ಲಿ ದೂರು ಕೊಟ್ಟರು: ಆ ಒಂದೇ ತಿಂಗಳಲ್ಲಿ ಸುಮಾರು 29 ಲಕ್ಷ ಚಂದಾದಾರರು ಬಿಎಸ್‌ಎನ್‌ಎಲ್‌ಗೆ ಸೇರ್ಪಡೆಯಾದರು.

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟು: ದೂರು ಕೊಟ್ಟಾಗ ಡಾಕೆಟ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳುವುದು, ಬಿಲ್ಲು ಮತ್ತು ಸಂದೇಶಗಳನ್ನು ಉಳಿಸಿಕೊಳ್ಳುವುದು, ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಆಮೇಲೆ ಚಾಮರಾಜನಗರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು. ಐದು ಲಕ್ಷ ರೂಪಾಯಿಯವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಓದುಬರಹ ಬಲ್ಲ ನಮ್ಮ ಯುವಕ ಯುವತಿಯರು ನೆರೆಮನೆಯ ಅಜ್ಜಿಗೊಂದು ದೂರು ಬರೆದುಕೊಟ್ಟರೆ ಅದೂ ಸಮಾಜಸೇವೆಯೇ. ಮೂವತ್ತು ವರ್ಷಗಳ ಈ ಚರಿತ್ರೆಯಲ್ಲಿ ಯಾವ ಹಕ್ಕೂ ತಾನಾಗಿ ಬಂದಿಲ್ಲ; ಕೇಳಿದವರಿಗೆ ಬಂದಿದೆ. ಇಲ್ಲಿಯವರೆಗೆ ದೂರದವರು ಕೇಳಿದರು. ಇನ್ನು ನಮ್ಮ ಸರದಿ.